ಕೈಗೂಸು ಎತ್ಕೊಂಡು ಆಫೀಸ್ ಕ್ಯೂನಲ್ಲಿ ಕಾಯೋದು ಹೇಗ್ರೀ?

ನಿದ್ದೆಗೆಟ್ಟವಳು
ಮಗನಿಗೆ ಮೂರು ತಿಂಗಳು. ಮೊನ್ನೆ ಅವನ ಪಾಸ್‌ಪೋರ್ಟ್ ಕೆಲಸಕ್ಕೆ ಹೋಗಿದ್ದೆ, ಜೊತೆಗೆ ಯಾರೂ ಇರ್ಲಿಲ್ಲ. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ದು ಮೂರೂವರೆ ಗಂಟೆ ಹಿಡೀತು. ನನ್ನ ಟೋಕನ್ 86, ಬೋರ್ಡಲ್ಲಿ 79 ಬಂದಾಗ ಇವನು ಡೈಪರ್ ದಾಟಿ ಬೆನ್ನು ತನಕ ಕಕ್ಕ ಮಾಡ್ಕೊಂಡ. ಟಾಯ್ಲೆಟ್‌ಗೆ ಓಡಿದ್ರೆ ಅಲ್ಲಿ ಮಲಗಿಸೋಕೆ ಒಂದು ಗೇಣು ಜಾಗ ಇಲ್ಲ, ಸಿಂಕ್ ಪಕ್ಕದ ಕಲ್ಲೆಲ್ಲಾ ನೀರು, ಕೊನೆಗೆ ಕಮೋಡ್ ಮುಚ್ಚಳ ಹಾಕಿ ಅದರ ಮೇಲೆ ನಾನು ಕೂತು, ತೊಡೆ ಮೇಲೆ ಅವನನ್ನ ಮಲಗಿಸ್ಕೊಂಡು, ವೈಪ್ಸ್ ಪ್ಯಾಕೆಟ್ ಬಾಯಲ್ಲಿ ಕಚ್ಕೊಂಡು ಹೇಗೋ ಬದಲಾಯಿಸಿದೆ. ಆಚೆ ಬರೋ ಹೊತ್ತಿಗೆ ಬೋರ್ಡಲ್ಲಿ 88. ಮತ್ತೆ ಹೊಸ ಟೋಕನ್ ತಗೊಳ್ಳಿ ಅಂದ್ರು, ಅಲ್ಲೇ ಅಳು ಬಂತು ನಂಗೆ.
ಹಾಲು ಕುಡಿಸೋಕೂ ಜಾಗ ಇಲ್ಲ. ಗೋಡೆ ಕಡೆ ಮುಖ ಮಾಡಿ ಕೂತೆ, ಇವನೋ ಶಾಲು ಎಳೆದು ಎಳೆದು ಬಿಸಾಕ್ತಿದ್ದ. ಒಂದು ಪೇಪರ್ ಕಮ್ಮಿ ಆಯ್ತು ಅಂತ ಮುಂದಿನ ವಾರ ಮತ್ತೆ ಹೋಗ್ಬೇಕು. ಅನುಭವ ಇರೋರು ಹೇಳಿ ಪ್ಲೀಸ್.

ಎರಡರ ಅಮ್ಮ
ಅಯ್ಯೋ, ವೈಪ್ಸ್ ಬಾಯಲ್ಲಿ ಕಚ್ಕೊಂಡಿದ್ದು ಓದಿ ನಗೂ ಬಂತು ಪಾಪಾನೂ ಅನ್ನಿಸ್ತು, ನಾನೂ ಮಾಡಿದೀನಿ ಕಣ್ರೀ.
ದೊಡ್ಡ ಬ್ಯಾಗ್ ಪೂರ್ತಿ ಟಾಯ್ಲೆಟ್ ಒಳಗೆ ತಗೊಂಡು ಹೋಗ್ಬೇಡಿ. ಒಂದು ಡೈಪರ್, ಸ್ವಲ್ಪ ವೈಪ್ಸ್, ಒಂದು ಜೊತೆ ಬಟ್ಟೆ, ಮಡಚೋ ಮ್ಯಾಟ್, ಗಲೀಜು ಬಟ್ಟೆಗೆ ಒಂದು ಕವರ್, ಇಷ್ಟೇ ಒಂದು ಸಣ್ಣ ಚೀಲದಲ್ಲಿ. ಅದನ್ನ ಮಣಿಕಟ್ಟಿಗೆ ನೇತು ಹಾಕ್ಕೊಂಡ್ರೆ ಎರಡೂ ಕೈ ಫ್ರೀ. ಆಮೇಲೆ ಎನ್ವಲಪ್ ನೆಕ್ ಅಂತಾರಲ್ಲ, ಭುಜದ ಹತ್ರ ಬಟ್ಟೆ ಒಂದರ ಮೇಲೊಂದು ಮಡಿಕೆ ಬಂದಿರತ್ತೆ, ಅಂಥ ಬಟ್ಟೆನ ತಲೆ ಮೇಲಿಂದ ತೆಗೀಬೇಡಿ, ಭುಜದಿಂದ ಕೆಳಕ್ಕೆ ಎಳೆದ್ರೆ ಕಾಲ ಕಡೆಯಿಂದ ಬರತ್ತೆ, ಕಕ್ಕ ಕೂದಲಿಗೆ ಮೆತ್ತಲ್ಲ. ಇದು ಗೊತ್ತಾಗೋಕೆ ನಂಗೆ ಎರಡನೇ ಮಗು ಬರಬೇಕಾಯ್ತು! ಕಕ್ಕ ತೆಗೆದ ಕೈಗೆ ಸ್ಯಾನಿಟೈಸರ್ ಸಾಲಲ್ಲ, ಸೋಪು ನೀರೇ ಬೇಕು. ಎಷ್ಟೋ ಆಫೀಸಲ್ಲಿ ಸೋಪು ಇರಲ್ಲ, ಪೇಪರ್ ಸೋಪ್ ಇಟ್ಕೊಳ್ಳಿ.
ಹಾಲಿನ ವಿಷ್ಯ, ಅಳೋ ತನಕ ಕಾಯಬೇಡಿ. ಅಳು ಅನ್ನೋದು ಹಸಿವಿನ ಕೊನೇ ಸೂಚನೆ. ಕೈ ಬಾಯಿಗೆ ಹಾಕ್ಕೊಳೋದು, ತುಟಿ ಚಪ್ಪರಿಸೋದು, ತಲೆ ಆ ಕಡೆ ಈ ಕಡೆ ಹೊರಳಿಸಿ ಹುಡುಕೋದು ಶುರು ಆದಾಗ್ಲೇ ಕುಡಿಸಿಬಿಟ್ರೆ ಅರ್ಧ ಗಲಾಟೆ ಇರಲ್ಲ. ಶಾಲು ಇಷ್ಟ ಆಗ್ಲಿಲ್ಲ ಅಂದ್ರೆ ಎರಡು ಪದರದ ಬಟ್ಟೆ ಹಾಕಿ, ಮೇಲಿನದು ಮೇಲಕ್ಕೆತ್ತಿ, ಒಳಗಿನದು ಕೆಳಕ್ಕೆಳೀರಿ, ಮಿಕ್ಕಿದ್ದು ಮಗುನೇ ಮುಚ್ಚತ್ತೆ.

ಡಬ್ಬಿಹಾಲು
ಎಲ್ರಿಗೂ ಎದೆಹಾಲೇ ಇರಲ್ಲ, ಅದಕ್ಕೆ ಇದೂ ಇರ್ಲಿ. ಕಲಸಿದ ಫಾರ್ಮುಲಾ ಹೊರಗಡೆ 2 ಗಂಟೆ ಮೇಲೆ ಇಡಂಗಿಲ್ಲ, ಮಗು ಬಾಯಿ ಹಾಕಿದ ಮೇಲೆ 1 ಗಂಟೆ ಅಷ್ಟೆ, ಮಿಕ್ಕಿದ್ದು ಚೆಲ್ಲಿ. ಪಂಪ್ ಮಾಡಿದ ತಾಜಾ ಎದೆಹಾಲು 25 ಡಿಗ್ರಿ ಒಳಗಿನ ರೂಮಲ್ಲಿ 4 ಗಂಟೆ ತನಕ ಓಕೆ, ಐಸ್ ಪ್ಯಾಕ್ ಇಟ್ಟ ಕೂಲರ್ ಬ್ಯಾಗಲ್ಲಿ 24 ಗಂಟೆ. ಬೆಚ್ಚಗೆ ಮಾಡ್ಲೇಬೇಕು ಅಂತೇನಿಲ್ಲ, ತಣ್ಣಗೇ ಕುಡಿಯೋ ಮಕ್ಕಳು ಬೇಕಾದಷ್ಟಿವೆ. ಆಫೀಸ್ ಪ್ಯಾಂಟ್ರಿ ಮೈಕ್ರೋವೇವ್ ತೋರಿಸಿದ್ರೆ ಮಾತ್ರ ಬೇಡ ಅನ್ನಿ, ಬಾಟಲಿ ಮೇಲೆ ತಣ್ಣಗಿದ್ದು ಒಳಗೆ ಅಲ್ಲಲ್ಲಿ ಕುದೀತಿರತ್ತೆ, ಬಾಯಿ ಸುಡತ್ತೆ.

ಗಾಜಿನ ಆಚೆಯವಳು
ನಾನು ಇಂಥದ್ದೇ ಒಂದು ಕೌಂಟರಲ್ಲಿ ಕೂರೋಳು, ಬೈಬೇಡಿ. ಮಗು ಅತ್ತಾಗ ಬಂದು ಕೇಳೋದಕ್ಕಿಂತ ಒಳಗೆ ಕಾಲಿಟ್ಟ ತಕ್ಷಣ ಟೋಕನ್ ಕೊಡೋರಿಗೆ ಹೇಳಿ, ಕೈಗೂಸಿದೆ, ಮಧ್ಯದಲ್ಲಿ ಎದ್ದು ಹೋಗ್ಬೇಕಾಗಬಹುದು, ನಂಬರ್ ದಾಟಿದ್ರೆ ಏನ್ಮಾಡ್ಲಿ ಅಂತ. ನಮ್ಮ ಮಿಷನ್ನಲ್ಲಿ ದಾಟಿಹೋದ ನಂಬರ್ ವಾಪಸ್ ಕರಿಯೋಕೆ ಒಂದು ಬಟನ್ನೇ ಇದೆ, ಜನಕ್ಕೆ ಗೊತ್ತಿಲ್ಲ, ನಮ್ಮೋರಲ್ಲೂ ಕೆಲವರು ಒತ್ತಲ್ಲ ಅದು ಬೇರೆ ಕಥೆ. ಕೂಗಿ ಕೇಳಿದ್ರೆ ನಿಯಮ ಅಂತಾರೆ, ಮೆತ್ತಗೆ ಕೇಳಿದ್ರೆ ಖಾಲಿ ಮೀಟಿಂಗ್ ರೂಮ್ ಬೀಗ ತೆಗೀತಾರೆ, ಹಂಗಿದೆ ನಮ್ಮ ಜಾತಿ. ಇನ್ನೊಂದು, ಮಗು ಬರಲೇಬೇಕಾ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ. ಪೇಪರ್ ಕೊಡೋಕೆ ಮಾತ್ರ ಅಂದ್ರೆ ಎಷ್ಟೋ ಸಲ ಬೇಡವಾಗಿರತ್ತೆ.

ಸುಮ್ನೆ ಓದುಗ
ಅಷ್ಟು ಸಣ್ಣ ಮಗುನ ಆಫೀಸಿಗೆಲ್ಲ ಯಾಕ್ರೀ ಕರ್ಕೊಂಡು ಹೋಗ್ತೀರ, ಮನೇಲಿ ಬಿಟ್ಟು ಹೋಗಿ.

ಲೇಟ್ ಅಪ್ಪ
@ಸುಮ್ನೆ ಓದುಗ, ಪಾಸ್‌ಪೋರ್ಟ್ ಮಗುದೇ ಗುರು. ಫೋಟೋಗೆ ನೀವು ಹೋಗಿ ಕೂರ್ತೀರಾ?
ಅಪ್ಪಂದಿರ ಕಷ್ಟ ಇನ್ನೊಂಥರ. ಡೈಪರ್ ಬದಲಾಯಿಸೋ ಟೇಬಲ್ ಇದ್ರೂ ಹೆಂಗಸರ ಟಾಯ್ಲೆಟ್ ಒಳಗಿರತ್ತೆ. ನಾನು ಅಂಗವಿಕಲರ ಟಾಯ್ಲೆಟ್ ಕೇಳ್ಕೊಂಡು ಬಳಸ್ತೀನಿ, ಜಾಗ ದೊಡ್ಡದಿರತ್ತೆ, ಬೇಗ ಮುಗಿಸಿ ಬಿಟ್ಕೊಡ್ಬೇಕು. ಅದೂ ಇಲ್ಲ ಅಂದ್ರೆ ಸ್ಟ್ರೋಲರ್ ಸೀಟ್ ಪೂರ್ತಿ ಚಪ್ಪಟೆ ಮಾಡಿ ಮೂಲೇಲಿ ಅಲ್ಲೇ. ಬೆಂಚ್ ಮೇಲೆ ಮಲಗಿಸಿದ್ರೆ ಒಂದು ಕೈ ಹೊಟ್ಟೆ ಮೇಲಿಂದ ತೆಗೀಲೇಬೇಡಿ, ನಮ್ಮವಳು ಹೊರಳೋದನ್ನ ಮೊದಲ ಸಲ ಮಾಡಿದ್ದೇ ನಾನು ವೈಪ್ಸ್‌ಗೆ ಬಗ್ಗಿದಾಗ.

ನಿದ್ದೆಗೆಟ್ಟವಳು
ಎಲ್ರಿಗೂ ಥ್ಯಾಂಕ್ಸ್. ಇವತ್ತು ಹೋಗಿಬಂದೆ. ಫೋನ್ ಮಾಡಿದ್ರೆ ಯಾರೂ ಎತ್ಲಿಲ್ಲ, ಹಾಗಾಗಿ ಕರ್ಕೊಂಡೇ ಹೋದೆ. ಬಾಗಿಲಲ್ಲೇ ಹೇಳಿದ್ದಕ್ಕೆ ಟೋಕನ್ ಕೊಡೋರು ಸ್ಟೋರ್ ರೂಮ್ ತೆಗೆದುಕೊಟ್ರು, ಹಳೇ ಫೈಲುಗಳ ಮಧ್ಯೆ ಒಂದು ಕುರ್ಚಿ, ಧೂಳಿಗೆ ನಾನು ಸೀನಿದ್ದೇ ಸೀನಿದ್ದು, ಇವನು ಮಾತ್ರ ಆರಾಮಾಗಿ ಕುಡಿದು ಮಲಗಿದ. ನಂಬರ್ ದಾಟಿತ್ತು, ವಾಪಸ್ ಕರೆದ್ರು! ಫೋಟೋಗೆ ಕಣ್ಣು ಬಿಡ್ಸೋಕೆ ಹತ್ತು ನಿಮಿಷ ಅಂಗಾಲು ಕೆರೆದಿದ್ದೀನಿ.