ಭಾವನಿಗೆ ಕನ್ನಡದ ಎ.ಎ. ಮೀಟಿಂಗ್ ಬೇಕು, ಬೆಂಗಳೂರಿನ ವಿಜಯನಗರದ ಕಡೆ ಹೇಗೆ ಹುಡುಕೋದು?

ಮಾಗಡಿರಸ್ತೆ_ಓದುಗ:
ಅಕ್ಕನ ಯಜಮಾನರಿಗೆ 46 ವರ್ಷ. ದಿನಾ ರಾತ್ರಿ ಎರಡು ಕ್ವಾರ್ಟರ್ ವಿಸ್ಕಿ. ಈಗೀಗ ಕೈ ನಡುಗುತ್ತೆ ಅಂತ ಬೆಳಿಗ್ಗೆಯೂ ಸ್ವಲ್ಪ ಹಾಕ್ತಾರೆ. ಬಿಡಬೇಕು ಅಂತ ಅವರೇ ಹೇಳ್ತಿದ್ದಾರೆ, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರೇ ಸೇರಿ ನಡೆಸೋ ಗುಂಪು) ಮೀಟಿಂಗ್‌ಗೂ ಒಪ್ಪಿದ್ದಾರೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ. ನೆಟ್‌ನಲ್ಲಿ ಸಿಕ್ಕ ವಿಳಾಸದಲ್ಲಿ ಈಗ ಮೀಟಿಂಗೇ ನಡೆಯಲ್ಲವಂತೆ. ವಿಜಯನಗರ, ರಾಜಾಜಿನಗರದ ಸುತ್ತ ಕನ್ನಡದ ಗುಂಪು ಹುಡುಕೋದು ಹೇಗೆ? ಫೀಸು ಎಷ್ಟು? ನಾನೂ ಜೊತೆಗೆ ಹೋಗಬಹುದಾ?

ಗಿರಿನಗರದವ:
ಮೀಟಿಂಗ್‌ಗೆ ಮೊದಲು ಆ ಬೆಳಗಿನ ನಡುಕದ ಬಗ್ಗೆ ಯೋಚನೆ ಮಾಡಿ. ಎರಡು ಕ್ವಾರ್ಟರ್ ಅಂದ್ರೆ 360 ಎಂ.ಎಲ್., ಅಂದ್ರೆ 30ರ ಲೆಕ್ಕದಲ್ಲಿ 12 ಪೆಗ್. ಇಷ್ಟು ಕುಡಿಯೋ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದ್ರೆ ಅಪಾಯ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತೆ. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ ಹುಳು, ಇಲ್ಲದ ಜನ ಕಾಣೋಕೆ ಶುರು, ದಿನ ಯಾವುದು, ಜಾಗ ಯಾವುದು ಅನ್ನೋದೇ ತಿಳಿಯಲ್ಲ. ಅದು ಪ್ರಾಣಕ್ಕೇ ಕುತ್ತು.

ಆದ್ದರಿಂದ ಡಾಕ್ಟರ್ ನೋಡೋವರೆಗೆ ತಾವಾಗಿ ಪೂರ್ತಿ ನಿಲ್ಲಿಸೋದು ಬೇಡ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಬೆಳಿಗ್ಗೆ ಬೇಗ ಹೋಗಿ. ದಿನಕ್ಕೆ ಎಷ್ಟು, ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತಾ, ಬಿಪಿ, ಶುಗರ್ ಮಾತ್ರೆ ಏನಿವೆ, ಇಷ್ಟನ್ನೂ ಚೀಟಿಯಲ್ಲಿ ಬರ್ಕೊಂಡು ಹೋಗಿ. ನಾಚಿಕೆಯಿಂದ ಅರ್ಧ ಲೆಕ್ಕ ಹೇಳಿದ್ರೆ ಔಷಧಿಯ ಪ್ರಮಾಣವೂ ಕಮ್ಮಿಯಾಗಿ ಅಪಾಯ ಆಗುತ್ತೆ. ಕನ್ನಡದಲ್ಲಿ ಫೋನಿನಲ್ಲೇ ಮಾತಾಡಬೇಕಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ. ಫಿಟ್ಸ್ ಬಂದ್ರೆ ಕಾಯದೆ 108.

ಹೊಸಬೆಳಕು:
ಮೇಲಿನವರು ಹೇಳಿದ್ದು ಮೊದಲು, ಇದು ಆಮೇಲೆ. ಮೀಟಿಂಗ್ ಜಾಗ ಬದಲಾಗ್ತಾನೇ ಇರುತ್ತೆ, ಯಾಕಂದ್ರೆ ಗುಂಪುಗಳಿಗೆ ಸ್ವಂತ ಕಟ್ಟಡ ಇರೋದು ಕಮ್ಮಿ. ಚರ್ಚ್ ಹಾಲ್, ಶಾಲೆಯ ಕೊಠಡಿಯನ್ನು ವಾರಕ್ಕೆ ಒಂದೆರಡು ಸಂಜೆ ಬಾಡಿಗೆಗೆ ತಗೊಂಡಿರ್ತಾರೆ. ಹಾಗಾಗಿ ಎ.ಎ. ಇಂಡಿಯಾ ವೆಬ್‌ಸೈಟಿನ ಪಟ್ಟಿ ನೋಡಿದ ಮೇಲೂ ಹೊರಡೋ ದಿನವೇ ಅಲ್ಲಿನ ಸಹಾಯವಾಣಿಗೆ ಫೋನ್ ಮಾಡಿ. ಎತ್ತೋರು ಸಾಮಾನ್ಯವಾಗಿ ಸ್ವತಃ ಕುಡಿತ ಬಿಟ್ಟ ಸದಸ್ಯರು, ಹಿಂಜರಿಕೆ ಬೇಡ.

ಇವತ್ತು ಮೀಟಿಂಗ್ ಇದ್ಯಾ ಅಂತಷ್ಟೇ ಕೇಳಿ ಇಟ್ಟುಬಿಡಬೇಡಿ. ಮಾತಾಡೋದು ಕನ್ನಡದಲ್ಲೇನಾ, ಅಥವಾ ಅರ್ಧ ತಮಿಳು, ಅರ್ಧ ಇಂಗ್ಲಿಷಾ? ಓಪನ್ನಾ, ಕ್ಲೋಸ್ಡಾ? ಓಪನ್ ಆದ್ರೆ ಮನೆಯವರೂ ಕೂರಬಹುದು, ಕ್ಲೋಸ್ಡ್ ಆದ್ರೆ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ, ನೀವು ಹೊರಗೆ ಕಾಯಬೇಕು. ಯಾವ ಗೇಟು, ಯಾವ ಮಹಡಿ? ಇದು ಚಿಕ್ಕ ವಿಷಯ ಅನಿಸಬಹುದು, ಆದರೆ ಎಷ್ಟೋ ಜನ ವಾಪಸ್ ಹೋಗೋದು ಇಲ್ಲೇ. ಹೊರಗೆ ದೊಡ್ಡ ಬೋರ್ಡ್ ಇರಲ್ಲ, ಬಾಗಿಲಿಗೆ ಒಂದು ಎ4 ಹಾಳೆ ಅಂಟಿಸಿರ್ತಾರೆ. ವಾಚ್‌ಮನ್‌ಗೂ ಗೊತ್ತಿರಲ್ಲ. ಕತ್ತಲಲ್ಲಿ ಎರಡು ಸುತ್ತು ಹೊಡೆದವರಿಗೆ ಎದುರಿನ ಬಾರ್ ಬೇಗ ಸಿಗುತ್ತೆ. ಆದ್ದರಿಂದ ಒಬ್ಬ ಸದಸ್ಯರು 15 ನಿಮಿಷ ಮುಂಚೆ ಗೇಟಿಗೆ ಬರ್ತಾರಾ ಅಂತಲೂ ಕೇಳಿ, ಸಾಮಾನ್ಯವಾಗಿ ಒಪ್ತಾರೆ.

ಫೀಸು ಇಲ್ಲ, ಹೆಸರು ನೋಂದಣಿಯೂ ಇಲ್ಲ. ಕೊನೆಗೆ ಬುಟ್ಟಿ ಬರುತ್ತೆ, ಹೊಸಬರು ಏನೂ ಹಾಕಬೇಕಾಗಿಲ್ಲ. ಒಂದರಿಂದ ಒಂದೂವರೆ ಗಂಟೆ. ಒಬ್ಬೊಬ್ಬರಾಗಿ ಮಾತಾಡ್ತಾರೆ, ನಡುವೆ ಯಾರೂ ಬುದ್ಧಿವಾದ ಹೇಳಲ್ಲ. ಭಾವನ ಸರದಿ ಬಂದಾಗ ‘ಇವತ್ತು ಕೇಳ್ತೀನಿ ಅಷ್ಟೇ’ ಅಂದ್ರೆ ಸಾಕು. ಒಂದು ಗುಂಪು ಹಿಡಿಸಲಿಲ್ಲ ಅಂದ್ರೆ ಕನಿಷ್ಠ ಮೂರು ಬೇರೆ ಗುಂಪು ನೋಡಲಿ. ಹೊರಡೋ ಮೊದಲು ಇಬ್ಬರು ಮೂವರ ನಂಬರ್ ತಗೊಳ್ಳಲಿ. ಕುಡಿಯೋ ಆಸೆ ಬಂದಾಗ, ಕುಡಿಯೋದಕ್ಕೆ ಮುಂಚೆ ಮಾಡಬೇಕಾದ ಫೋನ್ ಅದು. ಆಯ್ಕೆ ಇದ್ದರೆ ಅವರು ದಿನಾ ಕುಡಿಯೋ ಹೊತ್ತಿಗೇ ಬೀಳೋ ಮೀಟಿಂಗ್ ಹಿಡೀರಿ, ಮನೆಯಿಂದ ಅರ್ಧ ಗಂಟೆಯೊಳಗೆ ಇರಲಿ. ವಾರದ ದಿನ ಸಂಜೆ ಟ್ರಾಫಿಕ್ ಜಾಮ್‌ನ ಸಿಲ್ಕ್‌ಬೋರ್ಡ್ ಜಂಕ್ಷನ್ ದಾಟಿ ಹೋಗಬೇಕಾದ ಗುಂಪು ಎರಡನೇ ವಾರಕ್ಕೇ ಬಿಟ್ಟುಹೋಗುತ್ತೆ.

ಅಂಚೆಪೆಟ್ಟಿಗೆ:
ನಿಮ್ಮ ಅಕ್ಕನಿಗೂ ಒಂದು ಮಾತು. ಮನೆಯವರಿಗೇ ಅಂತ ಅಲ್-ಅನಾನ್ ಗುಂಪು ಬೇರೆ ಇದೆ. ಭಾವ ಮೀಟಿಂಗ್‌ಗೆ ಹೋಗಲಿ ಬಿಡಲಿ, ಅಕ್ಕ ಹೋಗಬಹುದು. ಇನ್ನೊಂದು, ‘ಗೊತ್ತಾಗದ ಹಾಗೆ ಕುಡಿತ ಬಿಡಿಸ್ತೀವಿ’ ಅನ್ನೋ ಪುಡಿಯನ್ನು ದಯವಿಟ್ಟು ಸಾರಿಗೆ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಮದ್ಯ ಮೈಗೆ ಆಗದ ಹಾಗೆ ಮಾಡೋ ಔಷಧಿ) ಇದ್ದು, ಭಾವ ಗೊತ್ತಿಲ್ಲದೆ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಹೃದಯಕ್ಕೆ ಅಪಾಯ. ನಿಲ್ಲಿಸಿದ ಮೇಲೂ ಅದರ ಪರಿಣಾಮ ಎರಡು ವಾರದವರೆಗೆ ಇರಬಹುದು. ಅದು ತಗೊಳ್ಳೋರಿಗೆ ತಿಳಿಸಿ, ಪರೀಕ್ಷೆ ಮಾಡಿ ಡಾಕ್ಟರೇ ಕೊಡಬೇಕಾದ ಮಾತ್ರೆ.

ಮಾಗಡಿರಸ್ತೆ_ಓದುಗ:
ತುಂಬಾ ಉಪಕಾರ ಆಯ್ತು. ನಾಳೆ ಬೆಳಿಗ್ಗೆ ನಿಮ್ಹಾನ್ಸ್. ಹಬ್ಬಕ್ಕೆ ತುರುವೇಕೆರೆ ಕಡೆ ಊರಿಗೆ ಹೋದಾಗ ಏನು ಮಾಡೋದು?

ಹೊಸಬೆಳಕು:
ಆನ್‌ಲೈನ್ ಮೀಟಿಂಗ್ ಇವೆ. ಲಿಂಕ್ ಮತ್ತು ಪಾಸ್‌ವರ್ಡನ್ನು ಗುಂಪಿನವರಿಂದ ಹೊರಡೋ ಮುಂಚೆಯೇ ತಗೊಂಡು, ಒಂದ್ಸಲ ಫೋನ್‌ನಲ್ಲಿ ತೆರೆದು ನೋಡಿ. ಹಳ್ಳಿಗಳ ಕಡೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ಮಾಡ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರ್ತಾರೆ, ಊರಿನಲ್ಲಿ ಅವರ ಬಗ್ಗೆಯೂ ವಿಚಾರಿಸಿ. ಹಬ್ಬದ ದಿನ ಮಧ್ಯಾಹ್ನ ಊಟ ಆದ ತಕ್ಷಣ ಗುಂಪಿನ ಒಬ್ಬರಿಗೆ ಭಾವ ಫೋನ್ ಮಾಡಬೇಕು ಅಂತ ಇವತ್ತೇ ಮಾತಾಡಿಟ್ಟುಕೊಳ್ಳಲಿ.