ಸೊಂಟದ ಕೀಲು ಬದಲಾಯಿಸಿದ ಮೇಲೆ ಮತ್ತೆ ಕುದುರೆ ಏರಿದವರು ಇದ್ದೀರಾ?

ಪ್ರಶ್ನೆ (ಸಕಲೇಶಪುರದಿಂದ): ನನಗೆ 52 ವರ್ಷ. ಎಡ ಸೊಂಟದ ಕೀಲು ಬದಲಾಯಿಸಿ ನಾಲ್ಕು ತಿಂಗಳಾಯಿತು. ತೋಟದಲ್ಲಿ ನನ್ನ ಕುದುರೆ ಸುಮ್ಮನೆ ನಿಂತಿದೆ. ಮತ್ತೆ ಸವಾರಿ ಆರಂಭಿಸಿದವರು ದಯವಿಟ್ಟು ಅನುಭವ ತಿಳಿಸಬೇಕು.

ಉತ್ತರ (ಚಿಕ್ಕಮಗಳೂರಿನಿಂದ): ಮೇಡಂ, ನನ್ನದೂ ಎಡಗಡೆಯದೇ. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಜುಲೈನಲ್ಲಿ ವೈದ್ಯರು ಒಪ್ಪಿಗೆ ಕೊಟ್ಟರೂ, ಮಳೆಗಾಲದಲ್ಲಿ ನಮ್ಮ ತೋಟದ ಇಳಿಜಾರಿನಲ್ಲಿ ಕುದುರೆಯ ಕಾಲೇ ಜಾರುವುದರಿಂದ ಅಕ್ಟೋಬರ್‌ವರೆಗೆ ಕಾದೆ. ಹಾಗೆ ಕಾದದ್ದಕ್ಕೆ ನನಗೆ ಬೇಸರವಿಲ್ಲ.

ನನ್ನ ಅನುಭವದಲ್ಲಿ ಜೀನಿನ ಮೇಲೆ ಕೂರುವುದಕ್ಕಿಂತ ಹತ್ತುವುದು, ಇಳಿಯುವುದೇ ಕಷ್ಟ. ನೆಲದಿಂದ ಹತ್ತುವಾಗ ಎಡಗಾಲನ್ನು ರಿಕಾಪಿಗೆ (ಜೀನಿನಿಂದ ತೂಗುವ, ಪಾದ ಇಡುವ ಬಳೆಗೆ) ಇಡಬೇಕಾದರೆ ಮೊಣಕಾಲು ಎದೆಯ ಹತ್ತಿರಕ್ಕೆ ಬರುತ್ತದೆ, ಅಂದರೆ ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚುತ್ತದೆ. ಅದೇ ಕ್ಷಣದಲ್ಲಿ ಇಡೀ ದೇಹ ಆ ಕಾಲಿನ ಮೇಲೆಯೇ ತಿರುಗುತ್ತದೆ. ಸೊಂಟದ ಹಿಂಬದಿಯಿಂದ ಕೊಯ್ದು ಕೀಲು ಹಾಕಿಸಿಕೊಂಡವರಿಗೆ ಮೊದಲ ತಿಂಗಳುಗಳಲ್ಲಿ ಬೇಡವೆಂದು ಹೇಳುವ ಚಲನೆಗಳು ಇವೇ. ಆದ್ದರಿಂದ ವೈದ್ಯರನ್ನು ‘ಸವಾರಿ ಮಾಡಬಹುದೇ’ ಎಂದಷ್ಟೇ ಕೇಳಬೇಡಿ. ನಾನು ಹಾಗೆ ಕೇಳಿದಾಗ ಅವರು ಕುಳಿತ ಭಂಗಿಯನ್ನು ಮಾತ್ರ ಊಹಿಸಿಕೊಂಡಿದ್ದರು. ಹತ್ತುವ ವಿಡಿಯೊ ತೋರಿಸಿದ ಮೇಲೆಯೇ ಅವರ ಪ್ರಶ್ನೆಗಳು ಶುರುವಾದವು.

ಕಾಫಿ ಒಣಗಿಸುವ ಕಣದ ಅಂಚಿನ ಕಟ್ಟೆಯ ಪಕ್ಕಕ್ಕೆ ಕುದುರೆಯನ್ನು ತಂದು ನಿಲ್ಲಿಸಿ, ಬಲಗಡೆಯಿಂದ ಹತ್ತುವುದನ್ನು ರೂಢಿಸಿಕೊಂಡೆ. ಆಗ ರಿಕಾಪಿಗೆ ಹೋಗುವುದು ಬಲಗಾಲು. ಆಪರೇಶನ್ ಆದ ಕಾಲು ಹಿಂದಿನಿಂದ ಸುತ್ತಿ ಬರುತ್ತದೆ. ಆದರೆ ಕುದುರೆಗೆ ಈ ಬದಿ ಹೊಸತು. ತೋಟದ ಹುಡುಗ ಹತ್ತು ದಿನ ಆ ಕಡೆಯಿಂದ ಹತ್ತಿ ಇಳಿದು ಅದನ್ನು ಪಳಗಿಸಿದ. ಅವನೇ ದಿನಾ ಓಡಿಸಿದ್ದರಿಂದ ತಿಂಗಳುಗಟ್ಟಲೆ ನಿಂತ ಕುದುರೆಯ ಹುಮ್ಮಸ್ಸೂ ತಗ್ಗಿತು.

ಒಂದು ದಿನ ಹುಡುಗ ಬಂದಿರಲಿಲ್ಲ. ಅಸಡ್ಡೆಯಿಂದ ನೆಲದಿಂದಲೇ ಹತ್ತಲು ಹೋದೆ. ಕುದುರೆ ಒಂದು ಹೆಜ್ಜೆ ಮುಂದೆ ಸರಿಯಿತು, ನಾನು ರಿಕಾಪಿನಲ್ಲಿ ಸಿಕ್ಕ ಕಾಲಿನೊಂದಿಗೆ ಕುಂಟುತ್ತಾ ಹಿಂದೆ ಹೋದೆ. ಬೀಳಲಿಲ್ಲ, ಆದರೆ ವಾರವಿಡೀ ತೊಡೆ ನೋವು. ಬಿದ್ದರೆ ಹೊಸ ಕೀಲಿನ ಸುತ್ತಲಿನ ಮೂಳೆಯೇ ಮುರಿಯಬಹುದೆಂದು ವೈದ್ಯರು ಗದರಿದರು.

ಮೊದಲ ದಿನ ಹತ್ತು ನಿಮಿಷದ ನಡಿಗೆ, ಅದೂ ಸಮತಟ್ಟಾದ ಕಣದಲ್ಲಿ. ಟ್ರಾಟ್ (ಕುದುರೆಯ ಕುಲುಕು ಓಟ) ಆರಂಭಿಸಿದ್ದು ಎರಡು ತಿಂಗಳ ನಂತರ. ಅಗಲ ಬೆನ್ನಿನ ಕುದುರೆಯ ಮೇಲೆ ತೊಡೆಗಳು ಹೆಚ್ಚು ಅಗಲವಾಗುವುದರಿಂದ ನಾನು ನೆಂಟರ ತೆಳುಮೈಯ ಕುದುರೆಯನ್ನು ಎರವಲು ಪಡೆದಿದ್ದೆ. ಆಪರೇಶನ್ ಆದ ಕಾಲೊಂದರ ಮೇಲೆ ಸೊಂಟ ವಾಲದಂತೆ ಅರ್ಧ ನಿಮಿಷ ನಿಲ್ಲಲು ಬಂದ ಮೇಲೆಯೇ ಹತ್ತಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ನನಗದು ಸುಲಭಕ್ಕೆ ಬರಲಿಲ್ಲ.

ಇನ್ನೊಂದು ಉತ್ತರ (ಹಾಸನದಿಂದ): ನನ್ನದು ಹೊಟ್ಟೆಯ ಹರ್ನಿಯಾ ಆಪರೇಶನ್, ಆದರೂ ಒಂದು ಮಾತು. ಎಲ್ಲರೂ ಸವಾರಿಯ ಬಗ್ಗೆ ಕೇಳುತ್ತಾರೆ, ಜೀನು ಎತ್ತುವ ಬಗ್ಗೆ ಯಾರೂ ಕೇಳುವುದಿಲ್ಲ. ಏಳೆಂಟು ಕಿಲೋ ಜೀನನ್ನು ಭುಜದ ಮಟ್ಟಕ್ಕೆ ಎತ್ತಿ ಕುದುರೆಯ ಬೆನ್ನಿಗೆ ಹಾಕುವಾಗ ಹೊಲಿಗೆಯ ಜಾಗ ಬಿಗಿದಂತಾಗಿ ನಾನು ಅಲ್ಲೇ ಕುಳಿತಿದ್ದೆ. ಮೇಡಂ, ಸವಾರಿಗೆ ಒಪ್ಪಿಗೆ ಸಿಕ್ಕರೂ ಜೀನು ಬಿಗಿಯುವ ಕೆಲಸ ಕೆಲವು ತಿಂಗಳು ಬೇರೆಯವರದೇ ಆಗಿರಲಿ.