ಹತ್ತನೇ ಕ್ಲಾಸ್ ಈಗ ಕಟ್ಟಬಹುದಾ? ಗಣಿತದ ಭಯಕ್ಕೆ ಮನೆಪಾಠ ಬೇಕಾ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಈಗ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸೂಪರ್‌ವೈಸರ್ ಆಗಬೇಕಾದರೆ ಹತ್ತನೇ ಕ್ಲಾಸ್ ಕೇಳುತ್ತಾರೆ. ಒಬ್ಬರು ‘25 ಸಾವಿರ ಕೊಡಿ, ಓದೋದೇ ಬೇಡ, ಪಾಸ್ ಗ್ಯಾರಂಟಿ’ ಅಂತಿದ್ದಾರೆ. ಗಣಿತ ಅಂದರೆ ಈಗಲೂ ಕೈ ನಡುಗುತ್ತದೆ. ಏನು ಮಾಡಲಿ?

ಉತ್ತರ: ನೋಡಮ್ಮ, ಮೊದಲು ಆ 25 ಸಾವಿರ ನಿಮ್ಮ ಹತ್ತಿರವೇ ಇರಲಿ. ಓದದೆ ಬಂದ ಅಂಕಪಟ್ಟಿಯನ್ನು ಯಾರಾದರೂ ಪರಿಶೀಲನೆಗೆ ಕಳಿಸಿದ ದಿನ ದುಡ್ಡೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ನಿಮಗೆ ಎರಡು ದಾರಿ ಇವೆ. ಒಂದು, ಖಾಸಗಿ ಅಭ್ಯರ್ಥಿಯಾಗಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ. ಆರು ವಿಷಯ, 625 ಅಂಕ, ಗಣಿತ ತಪ್ಪಿಸುವ ಹಾಗಿಲ್ಲ. ಆದರೆ ಇಂಗ್ಲಿಷ್, ಹಿಂದಿಯಂಥ ಭಾಷಾ ವಿಷಯ ಬಿಟ್ಟರೆ ಉಳಿದದ್ದನ್ನೆಲ್ಲ ಕನ್ನಡದಲ್ಲೇ ಬರೆಯಬಹುದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದರಿಂದ ಒಂದು ವಿಷಯ ಹೋದರೂ ಇಡೀ ವರ್ಷ ಕಾಯಬೇಕಿಲ್ಲ.

ಇನ್ನೊಂದು ಎನ್‌ಐಓಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಒಂದು ಭಾಷೆ ಸೇರಿ ಐದು ವಿಷಯ ಸಾಕು. ಪಾಸಾಗಲು 33 ಪರ್ಸೆಂಟ್. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯ ನಿಮ್ಮ ಲೆಕ್ಕದಲ್ಲೇ ಉಳಿಯುತ್ತದೆ. ಇಲ್ಲಿ ಗಣಿತ ಕಡ್ಡಾಯವಲ್ಲ. ಹಾಗಂತ ಕುಣಿದು ಬಿಟ್ಟುಬಿಡಬೇಡಿ! ನಾಳೆ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಬೇಕು ಅನಿಸಿದರೆ ಗಣಿತ ಬೇಕೇ ಬೇಕು. ಮತ್ತೆ, ಯಾವ ವಿಷಯದ ಪುಸ್ತಕ ಯಾವ ಭಾಷೆಯಲ್ಲಿ ಸಿಗುತ್ತದೆ ಅಂತ ಸೇರುವ ಮೊದಲೇ ಕೇಳಿಕೊಳ್ಳಿ. ಇಂಗ್ಲಿಷ್ ಪುಸ್ತಕ ಹಿಡಿದು ಕಣ್ಣೀರಿಟ್ಟವರನ್ನು ನೋಡಿದ್ದೇನೆ.

ಮನೆಪಾಠಕ್ಕೆ ದುಡ್ಡು ಕೊಡುವ ಮುಂಚೆ ನಿಮ್ಮ ಗಣಿತ ಎಲ್ಲಿ ಕೈ ಕೊಟ್ಟಿದೆ ಅಂತ ಗೊತ್ತಾಗಬೇಕು, ಅಲ್ವಾ? ಈ ಮೂರು ಮಾಡಿ ಕಳಿಸಿ. 3/8 + 1/4 ಎಷ್ಟು? 5 − 9 ಎಷ್ಟು? 2ಎಕ್ಸ್ + 3 = 11 ಆದರೆ ಎಕ್ಸ್ ಎಷ್ಟು?

ಪ್ರಶ್ನೆ: (ಬೇರೊಬ್ಬರು) ನಡುವೆ ಬಂದೆ, ಕ್ಷಮಿಸಿ. ಮಗಳ ಸ್ಕೂಲಿನ ಮೇಷ್ಟ್ರೇ ಸಂಜೆ ಟ್ಯೂಷನ್‌ಗೆ ಕಳಿಸಿ ಅಂತಿದ್ದಾರೆ. ಕಳಿಸಬಹುದಾ?

ಉತ್ತರ: ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವ ಹಾಗಿಲ್ಲ. ಡೌಟ್ ಇದ್ದರೆ ಶಾಲೆಯಲ್ಲೇ ಕೇಳಲಿ, ಅದು ಅವಳ ಹಕ್ಕು. ಬೇರೆಯವರ ಹತ್ತಿರ ಕಳಿಸುವುದಾದರೂ ತಿಂಗಳು ತಿಂಗಳು ಫೀಸ್ ಕೊಡಿ, ವರ್ಷದ್ದು ಒಟ್ಟಿಗೆ ಬೇಡ. ಮಗುವಿನ ಹಳೇ ನೋಟ್ಸ್ ತೆಗೆದು ನೋಡದೆ ನೇರ ಪಾಠ ಶುರು ಮಾಡುವವರ ಮೇಲೆ ನನಗಂತೂ ನಂಬಿಕೆ ಕಡಿಮೆ.

ಪ್ರಶ್ನೆ: ಮೇಡಂ, ಮೊದಲನೆಯದು 5/8. ಟೇಪ್ ನೋಡಿ ಹೇಳಿದೆ, ತಪ್ಪಾ? ಎರಡನೆಯದು 4. ಮೂರನೆಯದರಲ್ಲಿ ಎಕ್ಸ್ ನೋಡಿದ ಕೂಡಲೇ ಪೆನ್ನು ಕೆಳಗಿಟ್ಟೆ.

ಉತ್ತರ: ತಪ್ಪೇನೂ ಇಲ್ಲ! ಇಂಚಿನಲ್ಲಿ ಎಂಟು ಗೆರೆ, ಕಾಲು ಇಂಚು ಅಂದರೆ ಎರಡು ಗೆರೆ, ಮೂರಕ್ಕೆ ಎರಡು ಸೇರಿದರೆ ಐದು. ಹೈಸ್ಕೂಲಿನ ಎಷ್ಟೋ ಮಕ್ಕಳು ಇದಕ್ಕೆ 4/12 ಅಂತ ಬರೆಯುತ್ತಾರೆ. ಭಿನ್ನರಾಶಿ ನಿಮಗೆ ಬರುತ್ತದೆ, ಸುಮ್ನೆ ಹೆದರಿಕೊಂಡಿದ್ದೀರಿ.

ಎರಡನೆಯದರಲ್ಲಿ ಚಿಹ್ನೆ ಬಿಟ್ಟಿದ್ದೀರಿ. ಕೈಯಲ್ಲಿ 5 ಸಾವಿರ ಇದೆ, ತೀರಿಸಬೇಕಾದ ಸಾಲ 9 ಸಾವಿರ. ಕೊಟ್ಟ ಮೇಲೆ ನಿಮ್ಮ ಹತ್ತಿರ 4 ಸಾವಿರ ಉಳಿಯುತ್ತದಾ, ಇನ್ನೂ ಕೊಡಬೇಕಾ? ಅದಕ್ಕೇ ಉತ್ತರ −4.

ಮೂರನೆಯದನ್ನು ಹೀಗೆ ನೋಡಿ. ನಿಮ್ಮ ಮಿಷನ್ ಮುಂದೆ ಎರಡು ಬಂಡಲ್ ಇವೆ, ಎರಡರಲ್ಲೂ ಪೀಸ್ ಅಷ್ಟಷ್ಟೇ. ಜೊತೆಗೆ ಬಿಡಿ ಪೀಸ್ ಮೂರು. ಎಲ್ಲ ಸೇರಿ 11. ಒಂದು ಬಂಡಲ್‌ನಲ್ಲಿ ಎಷ್ಟು?

ಪ್ರಶ್ನೆ: ನಾಲ್ಕು. ಬಿಡಿ ಮೂರು ತೆಗೆದರೆ ಎಂಟು, ಅದರಲ್ಲಿ ಅರ್ಧ. ಹಾಗಾದರೆ ಎಕ್ಸ್ ಅಂದರೆ ಬಂಡಲ್ಲಾ ಮೇಡಂ?

ಉತ್ತರ: ಬಂಡಲ್‌ನಲ್ಲಿರುವ ಪೀಸಿನ ಲೆಕ್ಕ. ಬೇರೆ ಲೆಕ್ಕದಲ್ಲಿ ಅದೇ ಎಕ್ಸ್ ಮಗನ ವಯಸ್ಸಾಗಬಹುದು, ಅಕ್ಕಿಯ ರೇಟೂ ಆಗಬಹುದು. ನಿಮಗೆ ದಿನಾ ಮನೆಪಾಠ ಬೇಕಿಲ್ಲ. ಏಳನೇ ಕ್ಲಾಸಿನ ಗಣಿತ ಪುಸ್ತಕದಿಂದ ಶುರು ಮಾಡಿ, ಭಾನುವಾರ ಎರಡು ಗಂಟೆ ಯಾರಾದರೂ ಜೊತೆಗೆ ಕೂತರೆ ಸಾಕು. ಇವತ್ತು ರಾತ್ರಿಗೆ ಇದೊಂದು: 3ಎಕ್ಸ್ + 4 = 19. ಬಂಡಲ್ ಈಗ ಮೂರು.